ಇಲ್ಲದ ಗಡುವಿನ ಚರಿತ್ರೆ

ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95ರ ಹೆಚ್ಚುವರಿ ಪಿಂಚಣಿಯ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ಹೇಳುವ ಕಥೆ ಒಂದೇ: ಪೂರ್ತಿ ಸಂಬಳದ ಮೇಲೆ ಪಿಂಚಣಿ ಪಡೆಯುವ ಆಯ್ಕೆಗೆ ಗಡುವಿತ್ತು, ನೌಕರರು ಮೈಮರೆತರು, 2016ರಲ್ಲಿ ಆರ್.ಸಿ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕನಿಕರಿಸಿ ಗಡುವು ಸಡಿಲಿಸಿತು. ಈ ಮೂರರಲ್ಲಿ ಮೊದಲನೆಯದೇ ತಪ್ಪು. ಅದು ಬಿದ್ದರೆ ಉಳಿದೆರಡಕ್ಕೂ ಕಾಲಿಲ್ಲ.

ಮೂಲಪಾಠ ನೋಡಬೇಕು. ಯೋಜನೆಯ 11(3)ನೇ ಕಂಡಿಕೆಗೆ 1996ರ ಮಾರ್ಚ್ 16ರಿಂದ ಒಂದು ಪರಂತುಕ ಸೇರಿತು. ತಾತ್ಪರ್ಯ ಇಷ್ಟು: ಮಾಲೀಕ, ನೌಕರ ಇಬ್ಬರೂ ಒಪ್ಪಿ, ಯೋಜನೆ ಜಾರಿಯಾದ ದಿನದಿಂದ ಅಥವಾ ಸಂಬಳ 5,000 ರೂಪಾಯಿ (ಮುಂದೆ 6,500) ದಾಟಿದ ದಿನದಿಂದ, ಯಾವುದು ನಂತರವೋ ಅಂದಿನಿಂದ, ಪೂರ್ತಿ ಸಂಬಳದ ಮೇಲೆ ವಂತಿಗೆ ಸಂದರೆ ಪಿಂಚಣಿಯನ್ನೂ ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಬೇಕು. ಇಡೀ ವ್ಯಾಜ್ಯ ಆ ‘ದಿನದಿಂದ’ ಎಂಬಲ್ಲಿದೆ. ಪಿಎಫ್ ಕಚೇರಿಗಳು ಅದನ್ನು ‘ದಿನದೊಳಗೆ’ ಎಂದು ಓದಿದವು. ಶಾಲೆಯ ವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದವರು ಹೀಗೆ ಓದಲಾರರು. ಲೆಕ್ಕ ಎಲ್ಲಿಂದ ಶುರು ಎಂದು ಆ ಪದ ಹೇಳುತ್ತದೆ, ಅರ್ಜಿ ಯಾವಾಗ ಕೊಡಬೇಕೆಂದಲ್ಲ. ಮೇಲಾಗಿ, ಯೋಜನೆ ಜಾರಿಯಾದದ್ದು 1995ರ ನವೆಂಬರ್ 16ರಂದು. ಅದೇ ಕಡೆಯ ದಿನವಾದರೆ ಹಕ್ಕು ಹುಟ್ಟುವ ನಾಲ್ಕು ತಿಂಗಳ ಮೊದಲೇ ಅದರ ಗಡುವು ಮುಗಿದಿತ್ತು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಬಗ್ಗೆ ಕೇಳಿದ್ದೇವೆ. ಇದು ಕೂಸು ಹುಟ್ಟುವ ಮುಂಚೆ ತಿಥಿ. (ಕಚೇರಿಗಳು ಆಮೇಲೆ ಪಟ್ಟು ಹಿಡಿದ 1-12-2004 ಎಂಬ ದಿನಾಂಕವಂತೂ ಪರಂತುಕದಲ್ಲಿ ಎಲ್ಲೂ ಇಲ್ಲ.)

ತಡವಾಗಿ ಬಂದ ಆಯ್ಕೆಯಿಂದ ನಿಧಿಗೆ ನಷ್ಟವೆಂಬ ವಾದವನ್ನೂ ಒರೆಗೆ ಹಚ್ಚೋಣ. 20,000 ರೂಪಾಯಿ ಸಂಬಳದವನ ಪರವಾಗಿ ಮಾಲೀಕ ಪೂರ್ತಿ ಸಂಬಳದ ಮೇಲೆ ಶೇ 12 ಕಟ್ಟಿದರೆ 2,400. ಅದರಲ್ಲಿ 6,500ರ ಮಿತಿಯಂತೆ ಪಿಂಚಣಿ ನಿಧಿಗೆ ಹೋದದ್ದು 541, ಉಳಿದ 1,859 ಅದೇ ಪಿಎಫ್ ಸಂಸ್ಥೆಯಲ್ಲಿನ ಅವನ ಖಾತೆಗೆ. ಆಯ್ಕೆ ಮಾಡಿದ್ದರೆ ಪಿಂಚಣಿಗೆ 1,666 ಹೋಗುತ್ತಿತ್ತು. ಹಣ ಎಡಗಿಸೆಯಿಂದ ಬಲಗಿಸೆಗೆ ಹೋಗಬೇಕು, ಬಡ್ಡಿ ಸಮೇತ, ಅಷ್ಟೇ. ನೌಕರ ಅದನ್ನು ಹಿಂಪಡೆದಿದ್ದರೆ ವಾಪಸ್ ಕೇಳಬಹುದು ಎಂದೂ 2016ರ ತೀರ್ಪು ಹೇಳಿತು. ಇದನ್ನು ಕನಿಕರವೆಂದು ನಮ್ಮ ಸಂಘಗಳ ಗೆಳೆಯರೂ ಕರೆಯುವುದು ನನಗೆ ಅರ್ಥವಾಗುವುದಿಲ್ಲ.

ಎದುರು ಪಕ್ಷದವರು 1990ರ ಕೃಷ್ಣ ಕುಮಾರ್ ತೀರ್ಪನ್ನು ಮುಂದಿಡುತ್ತಾರೆ. ಅಲ್ಲಿ ರೈಲ್ವೆ ತನ್ನ ನೌಕರರಿಗೆ ಪಿಎಫ್ ಬಿಟ್ಟು ಪಿಂಚಣಿಗೆ ಬರಲು ಹನ್ನೆರಡು ಸಲ ಆಯ್ಕೆ ಕೊಟ್ಟಿತ್ತು, ಪ್ರತಿ ಆದೇಶದಲ್ಲೂ ದಿನಾಂಕ ಬರೆದಿತ್ತು. ಬರೆದ ಗಡುವಿನ ತೀರ್ಪನ್ನು ಬರೆಯದ ಗಡುವಿಗೆ ಹಚ್ಚುವುದು ಸಂಶೋಧನೆಯಲ್ಲ.

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ಪರಂತುಕದ ಬಗ್ಗೆ ಗುಪ್ತಾ ಪ್ರಕರಣದ ಓದನ್ನೇ ಒಪ್ಪಿತು. ಸೇವೆಯಲ್ಲಿ ಮುಂದುವರಿದವರಿಗೆ ಆಯ್ಕೆ ಸಲ್ಲಿಸಲು ನಾಲ್ಕು ತಿಂಗಳು ಕೊಟ್ಟಿತು. ಆದರೆ ಆಯ್ಕೆ ಸಲ್ಲಿಸದೆ, ಆ ಪರಂತುಕ ರದ್ದಾದ 2014ರ ಸೆಪ್ಟೆಂಬರ್ 1ಕ್ಕೆ ಮೊದಲು ನಿವೃತ್ತರಾದವರು ಹೊರಗುಳಿದರು. ಇಲ್ಲದ ಗಡುವನ್ನು ನಂಬಿ ಅರ್ಜಿ ಹಾಕದವರೂ ಆ ಸಾಲಿನಲ್ಲೇ ಸೇರಿದರು.