ಜೀತದಾಳಿನ ಕೂಲಿ ಮತ್ತು ಕಾನೂನು

ಹಳಗನ್ನಡದಲ್ಲಿ ಜೀತವೆಂದರೆ ಸಂಬಳ. ಸಂಸ್ಕೃತದ 'ಜೀವಿತ'ದಿಂದ ಬಂದ ಈ ಮಾತು ಬರಬರುತ್ತಾ ಸಂಬಳವನ್ನೇ ಕಾಣದ ದುಡಿಮೆಯ ಹೆಸರಾದದ್ದು ನೋವಿನ ಸಂಗತಿ. ಮದುವೆಗೋ ಕಾಯಿಲೆಗೋ ಒಡೆಯನಿಂದ ಸಾಲ ತಂದವನು ಅದು ತೀರುವ ತನಕ ಅವನ ಹೊಲದಲ್ಲೇ ದುಡಿಯಬೇಕಿತ್ತು. ಕತ್ತಲಿರುವಾಗಲೇ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ದನಕ್ಕೆ ಹುಲ್ಲು ಹಾಕಿ, ನೇಗಿಲು ಹೊತ್ತು ಹೊರಟರೆ ಸುಗ್ಗಿಯಲ್ಲಿ ದಿನ ಮುಗಿಯುತ್ತಿದ್ದುದು ಕಣದ ಕಾವಲಿನಲ್ಲಿ. ಸಿಗುತ್ತಿದ್ದುದು ಹೊತ್ತಿನ ಮುದ್ದೆ, ಉಡಲು ಬಟ್ಟೆ, ಕೆಲವೆಡೆ ಒಂದು ಕಂಬಳಿ. ಲೆಕ್ಕ ಒಡೆಯನ ಪುಸ್ತಕದಲ್ಲಿ. ಆಳಿನದು ಹೆಬ್ಬೆಟ್ಟು ಮಾತ್ರ. ಅಪ್ಪನ ಸಾಲ ಮಗನ ಹೆಗಲಿಗೆ ಬೀಳುತ್ತಿತ್ತು. ಹೀಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತರು, ಆದಿವಾಸಿಗಳು.

1948ರ ಕನಿಷ್ಠ ವೇತನ ಕಾಯ್ದೆ ಬೇಸಾಯವನ್ನೂ ತನ್ನ ಅನುಸೂಚಿಗೆ ಸೇರಿಸಿ, ಕೂಲಿಯ ದರ, ದುಡಿಮೆಯ ಗಂಟೆ, ವಾರದ ರಜೆ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನೇ ನಿಷೇಧಿಸಿತು. ಆದರೆ ಜೀತದಾಳಿಗೆ ಕೂಲಿ ಎಂಬುದೇ ಇರಲಿಲ್ಲ, ಇದ್ದದ್ದು ಸಾಲ. ಸಾಲವನ್ನು ಮುಟ್ಟದ ಕಾನೂನು ಕೊಟ್ಟಿಗೆಯ ಬಾಗಿಲು ದಾಟಲಿಲ್ಲ.

ಆ ಸಾಲಕ್ಕೇ ಕೈಹಾಕಿದ್ದು ಜೀತ ಪದ್ಧತಿ ರದ್ದತಿ ಕಾಯ್ದೆ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಅದು 1976ರಲ್ಲಿ ಕಾಯ್ದೆಯಾಯಿತು. ದೇಶದ ನಾನಾ ಪದ್ಧತಿಗಳ ಪಟ್ಟಿಯಲ್ಲಿ 'ಜೀತ'ವನ್ನೂ ಹೆಸರಿಸಿತು. ಜೀತದ ಸಾಲಗಳೆಲ್ಲ ರದ್ದಾದವು. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ ಅದೇ 1976ರಲ್ಲಿ ಋಣ ಪರಿಹಾರ ಕಾಯ್ದೆಯನ್ನೂ ತಂದಿತು.

ಕಾಯ್ದೆಯ ಕಸುವಿರುವುದು ಶಿಕ್ಷೆಗಿಂತ ಹೆಚ್ಚಾಗಿ ಪುರಾವೆಯ ನಿಯಮದಲ್ಲಿ. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಹೆಬ್ಬೆಟ್ಟಿನ ಪುಸ್ತಕಕ್ಕಿದ್ದ ಬಲ ಅಲ್ಲಿಗೆ ಮುರಿಯಿತು. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ 'ನಾಮಮಾತ್ರದ ಕೂಲಿ' ಎನಿಸಿಕೊಂಡು, ಸಾಲದ ಜೊತೆ ಸೇರಿದಾಗ ಜೀತದ ಗುರುತಾಯಿತು. 1948ರ ಕಾನೂನು ಕೊಟ್ಟಿಗೆಯೊಳಗೆ ಬಂದದ್ದು ಈ ದಾರಿಯಿಂದ. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೇ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು.

ಸಾಲ ಹೋದರೂ ಒಡೆಯನ ಜಾಗದಲ್ಲೇ ಗುಡಿಸಲು ಕಟ್ಟಿಕೊಂಡಿದ್ದವನು ಎಲ್ಲಿಗೆ ಹೋಗಬೇಕು? ಇದನ್ನು ಕಾಯ್ದೆ ಮೊದಲೇ ಯೋಚಿಸಿತ್ತು. ಜೀತದ ಭಾಗವಾಗಿ ಸಿಕ್ಕ ನೆಲೆಯಿಂದ ಅವನನ್ನು ಎಬ್ಬಿಸುವಂತಿಲ್ಲ. ಎಬ್ಬಿಸಿದರೆ ಉಪವಿಭಾಗದ ಮ್ಯಾಜಿಸ್ಟ್ರೇಟರು ಆ ಜಾಗವನ್ನು ಮತ್ತೆ ಅವನ ವಶಕ್ಕೆ ಕೊಡಿಸಬೇಕು.