ಎರವಿನ ನುಡಿಯಲ್ಲಿ ತನ್ನ ಮಾತು

ಒಂದು ನಾಡಿನಲ್ಲಿ ಹುಟ್ಟಿದ ಕಲೆಯನ್ನು ಮತ್ತೊಂದು ನಾಡಿನವರು ಕಲಿತು ನುಡಿಸಬಹುದು. ಅದು ಅಭ್ಯಾಸಬಲಕ್ಕೆ ಸಂಬಂಧಿಸಿದ ಮಾತು. ಆದರೆ ಆ ಕಲೆಯಲ್ಲಿ ಅವರು ತಮ್ಮದೇ ಆದ ಸಂಗತಿಯನ್ನು ಹೇಳಬಲ್ಲರೆ? ಹೇಳಿದರೆ ಆ ಕಲೆಯ ಮೂಲದವರು ಒಪ್ಪಿಯಾರೆ? ಜಪಾನಿನ ಪಿಯಾನೋವಾದಕಿ, ಸಂಗೀತ ರಚನಕಾರ್ತಿ ತೋಶಿಕೊ ಅಕಿಯೋಶಿ ಅವರ ಜೀವನವು ಈ ಪ್ರಶ್ನೆಗೆ ದೊರೆತ ದೀರ್ಘವಾದ ಉತ್ತರವಾಗಿದೆ.

ಆಕೆ ಕೈಹಿಡಿದ ಕಲೆ ಜಾಜ್. ಗುಲಾಮರಾಗಿ ಆಫ್ರಿಕದಿಂದ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಸಂತತಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ರೂಪಿಸಿದ ಸಂಗೀತವಿದು. ಗೊತ್ತಾದ ಒಂದು ಧಾಟಿಯನ್ನು ಹಿಡಿದು, ಆ ಕ್ಷಣದ ಕಲ್ಪನೆಯಿಂದ ಅದನ್ನು ಬೆಳೆಸುವುದೇ ಇದರ ಜೀವಾಳ. ನಮ್ಮ ವಿದ್ವಾಂಸರು ಮನೋಧರ್ಮವೆಂದು ಕರೆಯುವುದಕ್ಕೆ ಇದು ದೂರದ ಬಂಧುವೆನ್ನಬಹುದು.

ತೋಶಿಕೊ ಹುಟ್ಟಿದುದು 1929ರ ಡಿಸೆಂಬರ್ 12ರಂದು, ಮಂಚೂರಿಯದ ಲಿಯಾವ್ಯಾಂಗ್ ಎಂಬಲ್ಲಿ. ನಾಲ್ವರು ಹೆಣ್ಣುಮಕ್ಕಳಲ್ಲಿ ಈಕೆಯೇ ಕಿರಿಯವರು. ಎಳವೆಯಲ್ಲಿಯೇ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಿಯಾನೋ ಶಿಕ್ಷಣವಾಯಿತು. 1945ರಲ್ಲಿ ಯುದ್ಧದಲ್ಲಿ ಜಪಾನು ಸೋತಿತು. ಮಂಚೂರಿಯದಲ್ಲಿದ್ದ ಜಪಾನೀಯರ ನೆಲೆ ತಪ್ಪಿತು. ಮರುವರ್ಷ ಈ ಸಂಸಾರ ಆಸ್ತಿಪಾಸ್ತಿಯನ್ನೆಲ್ಲ ಕಳೆದುಕೊಂಡು ಕ್ಯೂಶು ದ್ವೀಪದ ಬೆಪ್ಪು ಪಟ್ಟಣಕ್ಕೆ ಬಂದಿಳಿಯಿತು. ಮನೆಯಲ್ಲಿ ಪಿಯಾನೋ ಇರಲಿಲ್ಲ. ನುಡಿಸುವ ಹಂಬಲ ಮಾತ್ರ ಹಾಗೆಯೇ ಇತ್ತು. ಸೈನಿಕರು ಬಂದು ಕುಣಿಯುತ್ತಿದ್ದ ಒಂದು ನೃತ್ಯಶಾಲೆಯಲ್ಲಿ ಪಿಯಾನೋ ಉಂಟೆಂದು ತಿಳಿದು, ಹದಿನಾರರ ಈ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಪರಿಚಿತರಾದ ಒಬ್ಬ ಧ್ವನಿಮುದ್ರಿಕಾಪ್ರಿಯರು ಟೆಡ್ಡಿ ವಿಲ್ಸನ್ ಎಂಬ ಅಮೆರಿಕನ್ ಪಿಯಾನೋವಾದಕರ ಒಂದು ತಟ್ಟೆಯನ್ನು ಕೇಳಿಸಿದರು. ಒಂದೊಂದು ಸ್ವರವೂ ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಹೊಳೆಯುವ ಆ ವಾದನವನ್ನು ಕೇಳಿ, ತಾನು ಹೀಗೆಯೇ ನುಡಿಸಬೇಕೆಂದು ಆಕೆ ನಿಶ್ಚಯಿಸಿದರು.

ಮುಂದೆ ಟೋಕಿಯೋ ನಗರ, ಸ್ವಂತ ವಾದ್ಯತಂಡ. 1953ರಲ್ಲಿ ಜಪಾನಿಗೆ ಬಂದಿದ್ದ ಪ್ರಸಿದ್ಧ ಪಿಯಾನೋವಾದಕ ಆಸ್ಕರ್ ಪೀಟರ್ಸನ್ನರು ಆಕೆಯ ವಾದನವನ್ನು ಕೇಳಿ ಬೆರಗಾಗಿ, ನಿರ್ಮಾಪಕ ನಾರ್ಮನ್ ಗ್ರಾಂಜ್ ಅವರಿಗೆ ಶಿಫಾರಸು ಮಾಡಿದರು. ಪೀಟರ್ಸನ್ನರ ಪಕ್ಕವಾದ್ಯಗಾರರೊಡನೆಯೇ ಆಕೆಯ ಮೊದಲ ಮುದ್ರಿಕೆ ಸಿದ್ಧವಾಯಿತು. 1956ರಲ್ಲಿ ವಿದ್ಯಾರ್ಥಿವೇತನ ಪಡೆದು ಬಾಸ್ಟನ್ನಿನ ಬರ್ಕ್ಲೀ ಸಂಗೀತ ಶಾಲೆಯನ್ನು ಸೇರಿದರು. ಆ ಶಾಲೆಗೆ ಬಂದ ಮೊದಲ ಜಪಾನೀ ವಿದ್ಯಾರ್ಥಿ ಈಕೆ.

ಅಮೆರಿಕದಲ್ಲಿ ಹೊಗಳಿಕೆಗೆ ಕೊರತೆಯಿರಲಿಲ್ಲ. ಆದರೆ ಅದು ಎಂತಹ ಹೊಗಳಿಕೆ? ಕಿಮೊನೊ ಉಟ್ಟ ಪೂರ್ವದೇಶದ ಹೆಣ್ಣುಮಗಳು ಗಂಡಸರ ಮೇಳದಲ್ಲಿ ಕುಳಿತು ಬಿರುಸಾಗಿ ಜಾಜ್ ನುಡಿಸುವುದು ಜನಕ್ಕೆ ಒಂದು ವಿಚಿತ್ರ. ತನಗೆ ದೊರೆತ ಪ್ರಚಾರದಲ್ಲಿ ಈ ವಿಚಿತ್ರದ ಪಾಲು ದೊಡ್ಡದೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾರೆ. 1959ರಲ್ಲಿ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ವಿವಾಹವಾಯಿತು. 1967ರಲ್ಲಿ ಅದು ಮುರಿಯಿತು. (ಈ ಮರಿಯಾನೊ ಅವರೇ ಮುಂದೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ ನುಡಿಸಿ, 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಹೊರತಂದರು.) ಮಗಳನ್ನು ಸಾಕುತ್ತ, ಸಿಕ್ಕ ಸಭೆಗಳಲ್ಲಿ ನುಡಿಸುತ್ತ ಕಳೆದ ಆ ವರ್ಷಗಳಲ್ಲಿ, ಅಮೆರಿಕನ್ನರ ಕಲೆಯಲ್ಲಿ ಒಬ್ಬ ಜಪಾನೀ ಹೆಂಗಸಿಗೆ ನಿಜವಾದ ಸ್ಥಳವುಂಟೆ ಎಂಬ ಸಂಶಯ ಆಕೆಯನ್ನು ಕಾಡಿತು.

1969ರಲ್ಲಿ ಸ್ಯಾಕ್ಸಫೋನ್ ಮತ್ತು ಕೊಳಲು ವಾದಕ ಲೂ ಟಬಾಕಿನ್ ಅವರನ್ನು ಮದುವೆಯಾಗಿ, 1972ರಲ್ಲಿ ಲಾಸ್ ಏಂಜಲೀಸಿಗೆ ಹೋದರು. ಮರುವರ್ಷ ದಂಪತಿಗಳು ಹದಿನಾರು ಜನರ ದೊಡ್ಡ ವಾದ್ಯವೃಂದವನ್ನು ಕಟ್ಟಿದರು. ವೃಂದಕ್ಕೆ ಬೇಕಾದ ಕೃತಿಗಳನ್ನೆಲ್ಲ ರಚಿಸುವ ಹೊಣೆ ತೋಶಿಕೊ ಅವರದು. ಉತ್ತರದ ಬಾಗಿಲು ತೆರೆದುದು ಇಲ್ಲಿಯೇ.

1974ರ ಮಾರ್ಚಿಯಲ್ಲಿ ಒಂದು ಸುದ್ದಿ ಲೋಕವನ್ನು ಬೆರಗುಗೊಳಿಸಿತು. ಯುದ್ಧ ಮುಗಿದುದನ್ನು ನಂಬದೆ, ಫಿಲಿಪೈನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ 29 ವರ್ಷ ಅಡಗಿದ್ದ ಹಿರೂ ಒನೋದ ಎಂಬ ಜಪಾನೀ ಯೋಧ ಹೊರಗೆ ಬಂದ. ಈ ಸಂಗತಿಯ ಮೇಲೆ ಆಕೆ ‘ಕೋಗುನ್’, ಎಂದರೆ ‘ಒಂಟಿಪಡೆ’, ಎಂಬ ಕೃತಿಯನ್ನು ರಚಿಸಿದರು. ಅದರಲ್ಲಿ ಜಪಾನಿನ ಪ್ರಾಚೀನ ನೋ ನಾಟಕದ ಗಾಯನವೂ ತ್ಸುಝುಮಿ ಎಂಬ ಕೈಮದ್ದಳೆಯೂ ಜಾಜ್ ವೃಂದದೊಡನೆ ಕೂಡಿದವು. ಇದು ಸುಲಭವಾದ ಕೂಟವಲ್ಲ. ಜಾಜ್‌ನ ತಾಳ ನಡೆಯುವವನ ಹೆಜ್ಜೆಯಂತೆ ಬಿಡದೆ ಸಾಗುತ್ತದೆ. ನೋ ಮದ್ದಳೆಗಾರನಾದರೋ ಎರಡು ಪೆಟ್ಟುಗಳ ನಡುವಣ ಮೌನವನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ, ನಡುವೆ ಕೂಗು ಹಾಕುತ್ತಾನೆ. ಎರಡನ್ನೂ ಅವುಗಳ ಸ್ವಭಾವ ಕೆಡದಂತೆ ಒಂದೇ ಚಪ್ಪರದ ಕೆಳಗೆ ಕೂರಿಸಿದುದು ಆಕೆಯ ಪ್ರತಿಭೆ.

ಅದೇ ವರ್ಷದ ಮೇ ತಿಂಗಳಲ್ಲಿ ಜಾಜ್‌ನ ಮಹಾರಚನಕಾರ ಡ್ಯೂಕ್ ಎಲಿಂಗ್ಟನ್ ತೀರಿಕೊಂಡರು. ತನ್ನ ಜನಾಂಗದ ವಿಷಯದಲ್ಲಿ ಅವರಿಗಿದ್ದ ಅಭಿಮಾನವೇ ಅವರ ಸಂಗೀತದ ಬೇರೆಂದು ವಿಮರ್ಶಕ ನ್ಯಾಟ್ ಹೆಂಟಾಫ್ ಬರೆದುದನ್ನು ತೋಶಿಕೊ ಓದಿದರು. ತನಗೂ ಒಂದು ಪರಂಪರೆಯುಂಟು. ಅದು ಮರೆಮಾಚಬೇಕಾದ ಕುಂದಲ್ಲ, ಜಾಜ್‌ಗೆ ತಾನು ಕೊಡಬಹುದಾದ ಕಾಣಿಕೆ ಎಂಬ ನಂಬಿಕೆ ಆಗ ದೃಢವಾಯಿತು. ಹೊರಗಿನವಳೆಂಬ ಕೊರತೆಯೇ ಬಂಡವಾಳವಾಯಿತು.

1976ರ ‘ಮಿನಮಾತ’ ಇದಕ್ಕೆ ನಿದರ್ಶನ. ಕ್ಯೂಶುವಿನ ಮಿನಮಾತ ಊರಿನ ಕೊಲ್ಲಿಗೆ ಚಿಸ್ಸೊ ಕಾರ್ಖಾನೆ ಹರಿಸಿದ ಪಾದರಸದ ವಿಷವು ಮೀನುಗಳ ಮೂಲಕ ಮನುಷ್ಯರ ಒಡಲನ್ನು ಹೊಕ್ಕಿತು. ನರಗಳ ಈ ಘೋರವ್ಯಾಧಿ 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂದಿತು. ಕೃತಿಯಲ್ಲಿ ಮೂರು ಭಾಗ: ನೆಮ್ಮದಿಯ ಹಳ್ಳಿ, ಸಿರಿ ಮತ್ತು ಅದರ ಫಲ, ಉಪಸಂಹಾರ. ಆರಂಭದಲ್ಲಿ ಹಳ್ಳಿಯನ್ನು ಹೆಸರಿಸುವ ಎಳೆಯ ದನಿ ಆಕೆಯ ಮಗಳು ಮಿಚಿರು ಅವರದು. ಮುಂದೆ ನೋ ಗಾಯಕನ ದನಿ ಶೋಕವನ್ನು ಹೊತ್ತು ಬರುತ್ತದೆ. ಕುಣಿತಕ್ಕೆಂದು ಹೆಸರಾದ ವಾದ್ಯವೃಂದವು ಇಲ್ಲಿ ಒಂದು ಊರಿನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಮನ್ನಣೆಯೂ ಬಂದಿತು. ‘ಡೌನ್ ಬೀಟ್’ ಪತ್ರಿಕೆಯ ಓದುಗರು ಆಕೆಯನ್ನು ಶ್ರೇಷ್ಠ ರಚನಕಾರರ ಸ್ಥಾನಕ್ಕೆ ಆರಿಸಿದರು. ಗ್ರ್ಯಾಮಿ ಪ್ರಶಸ್ತಿಗೆ 14 ಸಲ ಹೆಸರು ಸೂಚಿತವಾಯಿತು. ಒಮ್ಮೆಯೂ ಕೈಗೆ ಬರಲಿಲ್ಲ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾನಿಧಿಯು ಜಾಜ್ ಮಾಸ್ಟರ್ ಎಂಬ ಬಿರುದನ್ನು ನೀಡಿತು.

ಹಿರೋಶಿಮದ ಮೇಲೆ ಒಂದು ಕೃತಿಯನ್ನು ರಚಿಸಬೇಕೆಂದು ಅಲ್ಲಿಯ ಬೌದ್ಧ ಗುರುವೊಬ್ಬರು ಕೇಳಿದಾಗ ಆಕೆ ಮೊದಲು ಹಿಂಜರಿದರು. ಅಷ್ಟು ದೊಡ್ಡ ದುಃಖಕ್ಕೆ ಸಂಗೀತವೇನು ಮಾಡೀತು? ಬಾಂಬಿನ ಹಾವಳಿಯ ಚಿತ್ರಗಳನ್ನು ನೋಡುತ್ತಿದ್ದಾಗ, ನೆಲದಡಿಯ ಆಸರೆಯಿಂದ ಹೊರಬರುತ್ತಿರುವ ತರುಣಿಯೊಬ್ಬಳ ಮುಖದಲ್ಲಿ ನಸುನಗೆ ಕಂಡಿತು. ಆಮೇಲೆ ಒಪ್ಪಿದರು. 2001ರ ಆಗಸ್ಟ್ 6ರಂದು ಹಿರೋಶಿಮದಲ್ಲಿಯೇ ಮೊದಲು ನುಡಿಸಲಾದ ಆ ಕೃತಿಯ ಕೊನೆಯ ಭಾಗದ ಹೆಸರು ‘ಭರವಸೆ’. 2003ರಲ್ಲಿ, ಮೂವತ್ತು ವರ್ಷ ನಡೆಸಿದ ವೃಂದವನ್ನು ವಿಸರ್ಜಿಸಿ ಆಕೆ ಮತ್ತೆ ಒಂಟಿ ಪಿಯಾನೋವಿಗೆ ಮರಳಿದರು.

ಬೆಪ್ಪುವಿನ ನೃತ್ಯಶಾಲೆಯಲ್ಲಿ ಆಕೆ ಪಡೆದ ಕಲೆ ಎರವಿನದು, ನಿಜ. ಆದರೆ ಸಾಲ ತಂದವರೆಲ್ಲ ಸಾಲಗಾರರಾಗಿಯೇ ಉಳಿಯುವುದಿಲ್ಲ. ಆಕೆ ಅದನ್ನು ಬಡ್ಡಿಸಹಿತ ಹಿಂದಿರುಗಿಸಿದರು. ಆ ಬಡ್ಡಿಯಲ್ಲಿ ಒಂದು ಕೈಮದ್ದಳೆಯ ನಾದವೂ ಒಂದು ಹಳ್ಳಿಯ ಅಳಲೂ ಸೇರಿದ್ದುವು.