ಮೈಸೂರು ಹೈಕೋರ್ಟಿನ ಅಧಿಕಾರವ್ಯಾಪ್ತಿ

ಇಂದಿನ ಕರ್ಣಾಟಕ ಹೈಕೋರ್ಟಿನ ಪೂರ್ವರೂಪವು 1884ರಲ್ಲಿ ಸ್ಥಾಪಿತವಾದ ಮೈಸೂರು ಚೀಫ್ ಕೋರ್ಟು; 1930ರಲ್ಲಿ ಅದಕ್ಕೆ ಹೈಕೋರ್ಟೆಂಬ ನಾಮವಾಯಿತು. ತುಮಕೂರು ರಸ್ತೆಯ ದಾಸರಹಳ್ಳಿಯ ರೈತನ ಅಪೀಲು ಬೆಂಗಳೂರಿನ ಅಠಾರಾ ಕಚೇರಿಗೆ ಬರುತ್ತಿದ್ದಿತು. ಆ ಕಚೇರಿಯ ಮಗ್ಗುಲಲ್ಲಿಯೇ ಇದ್ದ ದಂಡುಪ್ರದೇಶವಾದರೋ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿದ್ದು, ಈ ನ್ಯಾಯಸ್ಥಾನದ ವ್ಯಾಪ್ತಿಗೆ ಹೊರಗಾಗಿದ್ದುದು ವಿಚಿತ್ರವೇ ಸರಿ! ಧಾರವಾಡದವರು ಮುಂಬಯಿಗೂ ಮಂಗಳೂರಿನವರು ಮದರಾಸಿಗೂ ಹೋಗಬೇಕಾಗಿದ್ದಿತು. 1956ರ ಏಕೀಕರಣದಿಂದ ಆ ಅಲೆದಾಟವು ತೀರಿತು. ಅರ್ಧ ತೀರಿತೆನ್ನುವುದೇ ಲೇಸು, ಏಕೆಂದರೆ ಧಾರವಾಡ ಕಲಬುರಗಿಗಳಿಗೆ ಸಂಚಾರಿ ಪೀಠಗಳು ಬಂದುದು 2008ರಲ್ಲಿ.

ವ್ಯಾಪ್ತಿಗಿಂತಲೂ ಹಿರಿದಾದುದು ಅಧಿಕಾರ. 1950ರಲ್ಲಿ ಸಂವಿಧಾನದ 226ನೆಯ ವಿಧಿಯು ಸರ್ಕಾರಕ್ಕೇ ಆಜ್ಞೆ ಮಾಡುವ ರಿಟ್ಟಿನ ಅಧಿಕಾರವನ್ನು ಹೈಕೋರ್ಟಿಗೆ ಇತ್ತಿತು. ಹೊಲವನ್ನು ಕಾರ್ಖಾನೆಗೆಂದು ಸರ್ಕಾರವು ವಶಪಡಿಸಿಕೊಂಡರೆ, ದಾಸರಹಳ್ಳಿಯ ರೈತನು ಪರಿಹಾರದ ಮೊತ್ತಕ್ಕಾಗಿ ವಾದಿಸುವುದಲ್ಲದೆ, ಆ ಆಜ್ಞೆಯ ಸಿಂಧುತ್ವವನ್ನೇ ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸಬಲ್ಲವನಾದನು.